ಹಿಂದೆ ಜಾಗ ಅದೆ

ಬೆಳಗ್ಗೆ ಐದೂ ಮುಕ್ಕಾಲಿಗೆ ಮಂಡ್ಯ ಬಿಡುವ ಬಸ್ಸು ನನ್ನದು,
ಬಸರಾಳಿನ ಮೇಲೆ ನಾಗಮಂಗಲ.
ಐದಕ್ಕೇ ಡಿಪೋದಲ್ಲಿ ಸಹಿ, ಮೆಷಿನ್ನು, ಚಿಲ್ಲರೆ ಎಣಿಕೆ.
ಆ ಹೊತ್ತಿಗೆ ನನ್ನ ಹೊಟ್ಟೆ
ಇನ್ನೂ ಮನೆಯಲ್ಲೇ ಮಲಗಿರುತ್ತಿತ್ತು.

ಹನ್ನೊಂದು ವರ್ಷ ಅದನ್ನು ಎಬ್ಬಿಸಲೇ ಇಲ್ಲ.
ನೀರು ಕುಡಿಯಲಿಲ್ಲ, ಕುಡಿದರೆ ಎಲ್ಲಿಗೆ ಹೋಗಲಿ?
ಡ್ರೈವರ್ ಮಾದಪ್ಪಣ್ಣನಿಗೆ ಬೇವಿನ ಮರವಿದೆ,
ಕಬ್ಬಿನ ಗದ್ದೆಯ ಬದುವಿದೆ,
ಬೀಗ ಜಡಿದ ಕಕ್ಕಸಿನ ಹಿಂಗೋಡೆಯಾದರೂ ಇದೆ.
ನನಗಿದ್ದದ್ದು ಖಾಕಿ ಕೋಟು,
ಹಲ್ಲು ಕಚ್ಚುವ ಅಭ್ಯಾಸ.

ಕರೆ ಬಂದಾಗಲೆಲ್ಲ ಮುಂದಿನ ಸ್ಟಾಪು ಅಂದೆ.
ಮುಂದಿನ ಸ್ಟಾಪಿನಲ್ಲಿ ಅದು ಇಳಿಯಲಿಲ್ಲ.

ಸ್ಟ್ಯಾಂಡಿನಲ್ಲಿ ಟೀ, ಎರಡು ವಡೆ,
ಮಧ್ಯಾಹ್ನ ಮೂರಕ್ಕೆ ಆರಿದ ಚಿತ್ರಾನ್ನ, ಮತ್ತೆ ಟೀ.
ಎದೆಯಲ್ಲಿ ಉರಿ. ಹುಳಿತೇಗು ಬಂದಾಗಲೆಲ್ಲ
ಬಾಯಿಗೆ ವಿಸಲ್ ಇಟ್ಟು ಊದಿಬಿಡುತ್ತಿದ್ದೆ,
ರೈಟ್ ರೈಟ್!
ಅತ್ತೆ ಹರಳೆಣ್ಣೆ ಕುಡಿಸಿದಳು, ಒಂದು ವಾರ ರಜೆ ಹಾಕಿಸಿತು.

ಸೋಮವಾರದ ಜನ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ.
"ಒಳೀಕೋಗ್ರವ್ವಾ, ಹಿಂದೆ ಜಾಗ ಅದೆ,
ಒಸಿ ಜರುಗ್ರಣ್ಣಾ..."
ಗಂಟಲು ಹರಿದರೂ ಒಬ್ಬರೂ ಜರುಗುವುದಿಲ್ಲ.
ಬಸರಾಳು ದಾಟಿ ಮಂಡ್ಯದ ಕಡೆ ಬರುವಾಗ
ಹಾಗೇ ಕೂಗುತ್ತಾ ಕೂಗುತ್ತಾ
ಹೊಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆ.
ಮೆಷಿನ್ನು ತೊಡೆಯ ಮೇಲೆ ಬಿದ್ದು
ಯಾರೂ ಕೇಳದ ಸೊನ್ನೆ ಟಿಕೆಟ್ಟು ಬಿಡುತ್ತಿತ್ತು.

ಸೊಪ್ಪಿನ ಕುಕ್ಕೆಯ ಮುದುಕಿ ಬೆನ್ನು ನೀವಿ
"ಆಚೀಕೋಗಿ ಯೇಸು ದಿನ ಆಯ್ತು ಮಗಾ?" ಅಂತ
ಬಸ್ಸಿಗೆಲ್ಲ ಕೇಳುವ ಹಾಗೆ ಕೇಳಿತು.
ಐದು, ಅಂದೆ.
ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.
ಆಮೇಲೆ ಹಿಂದಿನಿಂದ ಒಂದು ದನಿ,
"ನಂದು ಮೂರು ಕಣಕ್ಕ."
ಗಾರ್ಮೆಂಟ್ಸಿನ ಹುಡುಗಿ.
ಎರಡು ನಿಮಿಷ ಜಾಸ್ತಿ ಆದರೆ
ಸೂಪರ್‌ವೈಸರ್ ಬಾಗಿಲು ಬಡಿಯುತ್ತಾನಂತೆ.
ಮುಂದಿನ ಸೀಟಿನ ಟೀಚರ್ರು ಬಾಯಿ ಬಿಡಲಿಲ್ಲ.
ತಲೆ ಮಾತ್ರ ಆಡಿಸಿದರು, ಕಿಟಕಿಯ ಕಡೆಗೆ.

ಮಿಮ್ಸ್ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನುಸ್ರತ್
ಸಂತೆಯ ಕಲ್ಲಂಗಡಿ ನೋಡುವ ಹಾಗೆ ಹೊಟ್ಟೆ ತಟ್ಟಿದರು.
ನೀರು, ಸೊಪ್ಪು, ಹೊತ್ತಿಗೆ ಸರಿಯಾಗಿ ಊಟ.
ಚೆನ್ನಾಗಿ ಅಗಿದು ತಿನ್ನಿ ಅಂದರು.
ಮುದ್ದೆಯನ್ನೂ? ಮುದ್ದೆ ಅಗಿದವರ ವಂಶ
ನಮ್ಮ ಜಿಲ್ಲೆಯಲ್ಲೇ ಇಲ್ಲ ಡಾಕ್ಟ್ರೇ.
ನಕ್ಕರು. "ಮುದ್ದೆ ನುಂಗಿ.
ಸಾರಿನ ಸೊಪ್ಪನ್ನಾದರೂ ಅಗಿಯಿರಿ.
ಕರೆ ಬಂದಾಗ ಮಾತ್ರ ತಡೀಬೇಡಿ."
ಅದನ್ನೇ ಚೀಟಿಯಲ್ಲಿ ಬರೆದುಕೊಡಿ ಅಂದೆ.
ಬರೆದು ಸೀಲು ಒತ್ತಿದರು.

ಡಿಪೋ ಮ್ಯಾನೇಜರು ಚೀಟಿಯನ್ನು ಎರಡು ಸಲ ಓದಿದರು,
ಕಿವಿ ಕೆಂಪಾಯಿತು.
"ಹತ್ತು ನಿಮಿಷ ನಿಲುಗಡೆ, ಕಕ್ಕಸಿನ ಬೀಗದ ಕೈ...
ಫೈಲಿನಲ್ಲಿ ಏನಂತ ಬರೆಯೋದಮ್ಮಾ ಇದನ್ನ?"
ಎಂಜಿನ್ ತಣಿಸೋಕೆ ಅಂತ ಬರೀರಿ ಸಾರ್, ಅಂದೆ.

ಈಗ ವಿಸಲ್ ದಾರದಲ್ಲೇ ಒಂದು ಬೀಗದ ಕೈ.
ನಾಲ್ಕೂವರೆಗೆ ಎದ್ದು ಒಂದು ಚೊಂಬು ಬಿಸಿನೀರು.
ಡಬ್ಬಿಯಲ್ಲಿ ಮುದ್ದೆ, ಬಸ್ಸಾರು,
ಮುದುಕಿ ಕೊಟ್ಟ ದಂಟಿನ ಸೊಪ್ಪಿನ ಪಲ್ಯ,
ಬಾಟಲಿಯಲ್ಲಿ ನೀರುಮಜ್ಜಿಗೆ, ಚಿಟಿಕೆ ಇಂಗು.
ನಾಗಮಂಗಲದಲ್ಲಿ ಬಸ್ಸು ನಿಂತ ಕೂಡಲೇ
ಗಾರ್ಮೆಂಟ್ಸಿನ ಹುಡುಗಿ ಕೈ ಚಾಚುತ್ತಾಳೆ,
ಅವಳ ಹಿಂದೆ ಇನ್ನಿಬ್ಬರು.
ಮಾದಪ್ಪಣ್ಣ ಪೇಪರು ಬಿಚ್ಚುತ್ತಾನೆ,
ಹಾರನ್ ಮುಟ್ಟುವುದಿಲ್ಲ.

ಕೆಲವು ದಿನ ಈಗಲೂ ಕರೆ ಬರುವುದಿಲ್ಲ.
ಸುಮ್ಮನೆ ಕೂತು ಕಾಯುತ್ತೇನೆ.
ಹನ್ನೊಂದು ವರ್ಷ ಅದು ನನ್ನನ್ನು ಕಾದಿತ್ತಲ್ಲ.