ಬಯಲ ಗಾಳಿಗೆ ಹಿಡಿದು

ಕಯಾನಿ ಊರಾಚೆ, ಮುಚ್ಚಿದ ಮರದ ಮಿಲ್ಲಿನ ಶೆಡ್ಡಿನಲ್ಲಿ
ತುಯಿರೆ ಒಂದು ಡಬ್ಬಿ ಇಟ್ಟಿದ್ದಾಳೆ.
ಒಂದು ಕಾಲಕ್ಕೆ ಕಾಫಿಪುಡಿಯದು,
ಈಗ ಅದರ ತುಂಬ ಸತ್ತ ಮೂಗುಗಳು.

ಹೆಬ್ಬೆರಳಿನಷ್ಟು ಉದ್ದ, ತಲೆಗೆ ತೂತಿನ ಟೋಪಿ,
ಬಾಲಕ್ಕೆ ಕತ್ತರಿಸಿದ ವೈರು.
ಒಂದೊಂದರ ಕುತ್ತಿಗೆಗೂ ಚೀಟಿ:
"ಎರಡು ಚಳಿಗಾಲ. ವಯಸ್ಸಾಗಿತ್ತು."
"ಹನ್ನೊಂದು ವಾರ. ಸೀಸ ಬೆರೆಸಿದ ರೇಸ್ ಪೆಟ್ರೋಲು."
"ಟರ್ಬೊಗೆ ಅಂಟಿಸಿ ಕೂರಿಸಿದ್ದರು. ಬೆಂದಿತು."
"ಒಂದು ಬೆಳಗು. ನೀರಿನ ಹನಿ."

ಕೊನೆಯದನ್ನು ನಾನು ನಂಬಲಿಲ್ಲ.
ಎಂಟುನೂರು ಡಿಗ್ರಿಯಲ್ಲಿ ಬಾಳುವುದು
ಒಂದು ಹನಿಗೆ ಸಾಯುತ್ತದೆಯೇ?
"ಹನಿಗೇ ಸಾಯುವುದು," ಅಂದಳು.
ಇರುಳೆಲ್ಲ ಹೊಗೆಕೊಳವೆಯಲ್ಲಿ ಹೆಪ್ಪುಗಟ್ಟಿದ್ದು
ಎಂಜಿನ್ನಿನ ಮೊದಲ ಉಸಿರಿಗೆ ಕರಗಿ, ಚಿಮ್ಮಿ,
ಆಗಷ್ಟೇ ಕೆಂಪಗಾದ ಪಿಂಗಾಣಿಗೆ ತಾಗಿದರೆ
ಟಿಕ್ ಅನ್ನುವಷ್ಟೂ ಸದ್ದಿಲ್ಲ.
ಬಿರುಕು.

ನನ್ನದು ಚಿಕ್ಕಪ್ಪನ ಹಳೇ ಸಾಬ್.
ಟರ್ಬೊ ದೊಡ್ಡದು ಮಾಡಿಸಿದ್ದೆ, ಇಂಜೆಕ್ಟರ್ ದೊಡ್ಡದು,
ಸಾಲವೂ.
ಕಿಟಕಿ ಕಂಬಕ್ಕೆ ಒಂದು ಗಡಿಯಾರ, ಲ್ಯಾಂಬ್ಡಾ ತೋರಿಸಲು:
ಒಂದು ಕಾಲು ಮುಂದಿಟ್ಟು ನಿಂತುಬಿಟ್ಟವನಂಥ ಅಕ್ಷರ.
"ನೋಡು ತುಯಿರೆ, ಎಷ್ಟು ತುಳಿದರೂ ಮುಳ್ಳು ಅಲುಗುವುದಿಲ್ಲ,"
ಬೀಗಿದೆ ನಾನು.
ಅವಳು ನಗಲಿಲ್ಲ.
"ಬದುಕಿರುವುದು ಅಲುಗುತ್ತದೆ, ಯಲ್ಮರಿ."

ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಭೂತಗನ್ನಡಿ ಕೈಗೆ ಕೊಟ್ಟಳು.
ಮಸಿ ಇರಬೇಕಾದಲ್ಲಿ ಎಲುಬಿನ ಬಿಳುಪು,
ಅದರ ಮೇಲೆ ಗಸಗಸೆಯಂಥ ಹೊಳಪು, ಅಲ್ಲೊಂದು ಇಲ್ಲೊಂದು.
"ಇದು ನಿನ್ನ ಪಿಸ್ಟನ್. ಇನ್ನೂ ಪೂರ್ತಿ ಬಂದಿಲ್ಲ."

ಸುಮ್ಮನೆ ಸತ್ತಿದ್ದರೆ ಒಳ್ಳೆಯದಿತ್ತು ಅದು,
ದೀಪ ಉರಿಯುತ್ತಿತ್ತು, ನಾನು ಕಾಲು ತೆಗೆಯುತ್ತಿದ್ದೆ.
ಮುದಿ ಸೆನ್ಸರು ಸಾಯುವ ಮುಂಚೆ
ಪಂಕ್ತಿಯಲ್ಲಿ ಕೂತು ಪಕ್ಕದವನ ಪರವಾಗಿ ಮಾತಾಡುತ್ತದೆ:
ಸಾಕು, ಸಾಕು, ಇವನ ಹೊಟ್ಟೆ ತುಂಬಿದೆ.
ಬಡಿಸುವ ಕಂಪ್ಯೂಟರು ಸೌಟು ಹಿಂದಕ್ಕೆಳೆಯುತ್ತದೆ.
ಮತ್ತೆ ಸಾಕು. ಮತ್ತೆ ಹಿಂದಕ್ಕೆ.
ಹೊಟ್ಟೆಗಿಲ್ಲದ ಬೆಂಕಿ
ತಾನು ಕೂತ ಪಾತ್ರೆಯನ್ನೇ ತಿನ್ನತೊಡಗುತ್ತದೆ,
ಮುಳ್ಳು ಮಾತ್ರ ಹದವಾಗಿದೆ, ಹದವಾಗಿದೆ ಅನ್ನುತ್ತ.

ಅಂಗಳಕ್ಕೆ ಹೋದೆವು. ಫೆಬ್ರವರಿ. ಕೆರೆ ಕಲ್ಲಾಗಿತ್ತು.
ಅದನ್ನು ಕೊಳವೆಯಿಂದ ಬಿಚ್ಚಿ, ವೈರು ಹಾಗೇ ಬಿಟ್ಟು,
ಬಯಲ ಗಾಳಿಗೆ ಹಿಡಿದಳು.
ಇದೊಂದೇ ಪರೀಕ್ಷೆ, ಎಲ್ಲರಿಗೂ ಒಂದೇ ಪ್ರಶ್ನೆ:
ಏನೂ ಉರಿಯದ ಕಡೆ ಗಾಳಿಯಲ್ಲಿ ಪ್ರಾಣವಾಯು ಎಷ್ಟು?
ನೂರಕ್ಕೆ ಇಪ್ಪತ್ತೊಂದು ಅನ್ನಬೇಕು, ಕೂದಲೆಳೆ ಕಡಿಮೆ.
ಬಹಳ ಹೊತ್ತು ಯೋಚಿಸಿ ಅದು
ಹದಿನೇಳು ಅಂದಿತು.

"ಇದೇ ಇಪ್ಪತ್ತೊಂದು ಅಂತ ಹೇಳಿಕೊಟ್ಟರೆ?
ಹೊಸದಕ್ಕೆ ದುಡ್ಡಿಲ್ಲ."
"ಮೊದಲು ಹೇಳಿಕೊಟ್ಟಿರಲಿಲ್ಲವೇ?"
"ಕೊಟ್ಟಿದ್ದೆ. ಎರಡು ಸಲ."
ಅವಳು ಉತ್ತರ ಕೊಡಲಿಲ್ಲ,
ಕೈಗವಸು ಕಚ್ಚಿ ಎಳೆದು ವೈರು ಕತ್ತರಿಸಿದಳು.

ಒಳಗೆ ಚೀಟಿ ಬರೆಯುತ್ತ ಹೇಳಿದಳು, ಬೇರೆ ಯಾರದೋ ಸುದ್ದಿಯಂತೆ:
ಮೊದಲು ಇವೆಲ್ಲ ಬೇಕಿರಲಿಲ್ಲ,
ಹೊಗೆ ಮೂಸಿದರೆ ತಿಳಿಯುತ್ತಿತ್ತು,
ಎಷ್ಟು ಉಂಡಿದೆ, ಎಷ್ಟು ಹಸಿದಿದೆ.
ಮೂರು ವರ್ಷದ ಹಿಂದೆ ಜ್ವರ ಬಂತು. ಜ್ವರ ಹೋಯಿತು.
ಮೂಗು ವಾಪಸು ಬರಲಿಲ್ಲ.

"ಎಷ್ಟು ದಿನ ಓಡಿತು ಇದು?"
"ಹದಿನಾಲ್ಕು ತಿಂಗಳು."
ಬರೆದಳು. ಕಾರಣದ ಜಾಗ ಖಾಲಿ ಬಿಟ್ಟಳು.
ಒಲೆಯ ಮೇಲಿಂದ ಕಾಫಿ ಇಳಿಸಿ ಮುಂದಿಟ್ಟಳು.
"ಸೀದಿದೆಯಾ ನೋಡು."

ಬಾಯಿತುಂಬ ಸುಟ್ಟ ಮರ.
"ಇಲ್ಲ," ಅಂದೆ, "ಹದವಾಗಿದೆ."

ಅವಳು ಕುಡಿಯಲಿಲ್ಲ.
ಲೋಟ ಹಿಡಿದು ನನ್ನ ಮುಖವನ್ನೇ ನೋಡಿದಳು,
ಎಷ್ಟು ತುಳಿದರೂ ಅಲುಗದ
ಮುಳ್ಳನ್ನು ನೋಡುವಂತೆ.