ಬೇರೆ ಲೇಬಲ್ಲು

ಕೌಲ್ ಬಜಾರಿನ ಈ ಓಣಿಯಲ್ಲಿ ಪ್ಯಾಂಟು ಹೊಲಿಯುವವರು ಹುಡುಗರು.
ಕೊನೆಗೆ, ಸೊಂಟದ ಹಿಂದೆ, ನಾಲ್ಕು ಬೆರಳಗಲ
ಲೇಬಲ್ಲು ಕೂರಿಸುವವನು ನಾನು.
ಒಂದೇ ತಾನು, ಒಂದೇ ಕತ್ತರಿ,
ಬೆಳಿಗ್ಗೆ ಒಂದು ಕಂಪನಿ, ಮಧ್ಯಾಹ್ನ ಇನ್ನೊಂದು.
ಮೂವತ್ತೊಂದು ವರ್ಷವಾಯಿತು. ಮೋಸ ಅನ್ನಬೇಡಿ,
ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು.

ಮೊನ್ನೆ ಟಿಕೆಟ್ಟಿನ ಪಟ್ಟಿ ಬಂತು.
ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.

ಅವನೇ.
ಯಾರ ವಿರುದ್ಧ ನಾನೂ ಜಂಬಣ್ಣನೂ
ರಾತ್ರಿ ಎರಡಕ್ಕೆ ಮೈದಾ ಅಂಟು ಕಲಸಿ
ಗೋಡೆ ಗೋಡೆಗೆ ಪೋಸ್ಟರು ಬಡಿದೆವೋ,
ಯಾರ ಹುಡುಗರು ಜಂಬಣ್ಣನ ಸೈಕಲ್ಲು
ಕಾಲುವೆಗೆ ಎಸೆದು ನಕ್ಕರೋ,
ಅವನೇ.
ಹಳೇ ಲೇಬಲ್ಲು ಬಿಚ್ಚಿದಲ್ಲಿ
ಸೂಜಿಯ ತೂತು ಇನ್ನೂ ಮುಚ್ಚಿಲ್ಲ.
ಅದರ ಮೇಲೆ ನಮ್ಮ ಶಾಲು.

ದಿಲ್ಲಿಯಿಂದ ಫೋನು ಬಂತು. ಹೆಣ್ಣು ದನಿ, ಸಕ್ಕರೆ ಹಾಕಿದ್ದು:
ನಮ್ಮ ನಾಯಕತ್ವ ನಿಮಗೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ.
ತಾಯೀ, ಒಂದು ಮಾತೈತಿ, ಕೇಳ್ರಿ, ಅಂದೆ.
ನೀವು ಯಾವುದನ್ನೂ ಒತ್ತಿಲ್ಲ, ಅಂದಿತು.
ಒತ್ತೋದಲ್ಲವ್ವಾ, ಹೇಳೋದೈತಿ, ಅಂದೆ.
ಧನ್ಯವಾದಗಳು, ಅಂದಿತು.
ಒಳಗಿಂದ ಹಂಪಮ್ಮ: ಯಾರ ಕೂಡ ಅಷ್ಟು ಜೋರು?
ಯಾರ ಕೂಡಾನೂ ಇಲ್ಲ.

ಅಕ್ಕಿ ಮಂಡಿಯ ಮೇಲಿನ ಕೋಣೆ ಆಗ ನಮ್ಮ ಕಚೇರಿ.
ಹೊರ ಊರಿಂದ ಬಂದ ಹಿರಿಯರು
ಉಂಡ ತಟ್ಟೆ ತಾವೇ ತೊಳೆದು
ಚಾಪೆಯ ಮೇಲೆ ಮಲಗುತ್ತಿದ್ದರು.
ಚಹಾದ ಲೆಕ್ಕಕ್ಕೆ ಒಂದು ಪುಸ್ತಕ.
ಎಂಟು ರೂಪಾಯಿ ತಾಳೆಯಾಗದೆ ಜಂಬಣ್ಣ
ವಾರಗಟ್ಟಲೆ ಮುಖ ಎತ್ತಿ ಮಾತಾಡಲಿಲ್ಲ,
ಆಮೇಲೆ ತನ್ನ ಜೇಬಿನಿಂದ ಹಾಕಿ ಉಸಿರುಬಿಟ್ಟ.

ಈ ಸಲ ಹೆಲಿಕಾಪ್ಟರು ಇಳಿಯಿತು.
ಧೂಳಿಗೆ ಮೊದಲ ಸಾಲಿನ ಹೆಂಗಸರು ಸೆರಗು ಮುಚ್ಚಿಕೊಂಡರು.
ಹಿಂದಿಯಲ್ಲಿ ಹದಿನೈದು ನಿಮಿಷ ಗುಡುಗಿದ್ದನ್ನು
ಪಕ್ಕದ ಹುಡುಗ ಒಂದೇ ಸಾಲಿಗೆ ಮಡಚಿದ:
ಒಟ್ಟಿನಲ್ಲಿ ಎಲ್ಲಾ ಒಳ್ಳೇದಾಗ್ತದೆ ಅಂತಾರೆ.
ಚಪ್ಪಾಳೆ ತಟ್ಟಿದೆ. ಕೈಗೆ ರೂಢಿ.

ನೋಡಿ, ನಾನು ಬದಲಾವಣೆ ಬೇಡಿದವನಲ್ಲ.
ದೇವರ ಮುಂದೆ ದೀಪ, ತಂದ ಸಾಲಕ್ಕೆ ವಾಯಿದೆ,
ಹಿರಿಯರೆದುರು ತಗ್ಗಿದ ದನಿ,
ಸರಕಾರ ಕಮ್ಮಿ ಮಾತಾಡಿ
ಮನೆಯೊಳಗೆ ಕಮ್ಮಿ ಇಣುಕಲಿ,
ಇದ್ದದ್ದು ಇರಲಿ ಅಂದವನು.
ಇರಗೊಡದವರು ಯಾರು?
ಎದುರಿನವರ ಮೇಲೆ ಸಿಟ್ಟು ಬರುವುದಿಲ್ಲ ಈಗ,
ಬಾಡಿಗೆ ಮನೆಯ ಗೋಡೆ ಬಿರುಕುಬಿಟ್ಟರೆ ಯಾರು ಅಳುತ್ತಾರೆ?
ಬಿರುಕು ಬಿಟ್ಟಿದ್ದು ನಮ್ಮದು.

ಬಾರೋ ಎರ್ರಿಸ್ವಾಮಿ, ನಮ್ಮ ಕಡಿಗೆ, ಅಂತಾರೆ ಅವರು.
ಹೋಗಿ ನೋಡಿದರೆ ವೇದಿಕೆಯ ಮೇಲೆ
ನಮ್ಮ ಚಾಪೆಯ ಮೇಲೆ ಮಲಗಿದ್ದವನು.

ಮತದಾನದ ದಿನ ಏಳಕ್ಕೇ ಶಾಲೆಯ ಸಾಲಿನಲ್ಲಿ.
ಪಟ್ಟಿಯಲ್ಲಿ ಜಂಬಣ್ಣನ ಹೆಸರು ಇನ್ನೂ ಇದೆ.
ತೀರಿಕೊಂಡು ಎರಡು ವರ್ಷ. ಬಂದಿಲ್ಲವಾ? ಎಂದ ಏಜೆಂಟು.
ಅವನು ಬರೋದಿಲ್ಲ, ಅಂದೆ.
ಕಾರಣ ಎರಡಿದ್ದವು, ಒಂದನ್ನೇ ಹೇಳಿದೆ.

ಮಸಿ ಹಚ್ಚುವ ಹುಡುಗಿ ನನ್ನ ಕೈ ಹಿಡಿದು ನಿಂತುಬಿಟ್ಟಳು.
ಹತ್ತೂ ಬೆರಳು ನೀಲಿ, ಉಗುರಿನ ಸಂದೂ ನೀಲಿ.
ಆಗಲೇ ಹಾಕಿ ಬಂದೀರೇನು ಅಜ್ಜಾರೆ?
ಹೂನವ್ವಾ, ಅಂದೆ, ಮೂವತ್ತೊಂದು ವರ್ಷದಿಂದ.
ಕೋಣೆಯೆಲ್ಲ ನಕ್ಕಿತು. ನಾನು ನಗಿಸಲು ಅಂದಿರಲಿಲ್ಲ.

ರಟ್ಟಿನ ಮರೆಯಲ್ಲಿ ಬಹಳ ಹೊತ್ತು ನಿಂತೆ.
ಹಿಂದೆ ಯಾರೋ ಕೆಮ್ಮಿದರು.
ಬೀಪ್ ಅಂತು.

ಹಂಪಮ್ಮ ಯಾರಿಗೆ ಅಂತ ಕೇಳಲಿಲ್ಲ,
ಬಿಸಿನೀರು ಇಟ್ಟಿದ್ದಳು.

ಸಂಜೆ ಮಿಷನ್ನಿಗೆ ಕೂತೆ. ಇನ್ನೂರು ಪ್ಯಾಂಟು.
ಒಂದರ ಲೇಬಲ್ಲು ತಲೆಕೆಳಗಾಗಿ ಕೂತಿತು.
ಬಿಚ್ಚಲಿಲ್ಲ.