ಕಿತ್ತಳೆ ಬಣ್ಣದ್ದು

ಆರು ತಿಂಗಳಾಯಿತು ಇದು ಗಾಜಿನೊಳಗೆ ಕೂತು
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿಗೆ ಮುಖ ಮಾಡಿ.
ಕಂಪನಿಯ ಕಾಗದದಲ್ಲಿ ಬಣ್ಣದ ಹೆಸರು ಕೂರ್ಗ್ ಆರೆಂಜ್.
ಮೊದಲ ದಿನವೇ ಬಂದ ಮೇಚಂಡ ಚಿಟ್ಟಿಯಪ್ಪನವರು
ಬಾನೆಟ್ಟಿನ ಮೇಲೆ ಬೆರಳಾಡಿಸಿ ನಕ್ಕರು:
ನಮ್ಮ ಕಿತ್ತಳೆ ಹಣ್ಣಾದರೂ ಅರ್ಧ ಹಸಿರೇ ಕಣಮ್ಮ,
ಸಿಪ್ಪೆ ಸಡಿಲ, ಮಗುವಿನ ಕೈಗೂ ಸುಲಿಯೋಕೆ ಬರುತ್ತೆ.
ಇದು ನಾಗಪುರದ್ದು.

ಹಾಗಂತ ಅದೊಂದೇ ಕಾರಣವಲ್ಲ.

ತಿಂಗಳ ಕೊನೆಗೆ ಮೈಸೂರಿನಿಂದ ಫೋನು:
ಏನು ಹೇಮಾವತಿ, ನಿಮ್ಮ ಕಡೆ ಮಾತ್ರ ಯಾಕೆ ಓಡ್ತಿಲ್ಲ?
ಓಡುತ್ತದೆ ಸಾರ್. ಓಟಕ್ಕೆ ತಕರಾರಿಲ್ಲ,
ಲೀಟರಿಗೆ ಇಪ್ಪತ್ತೆರಡು,
ಸಂತೆಯ ದಿನವೂ ಕುರಿಮರಿಯ ಹಾಗೆ ನುಸುಳುತ್ತದೆ.
ಆದರೆ ಇಲ್ಲಿ ರಸ್ತೆಗಿರುವುದು ಗೇಟು,
ಮನೆ ಇರುವುದು ಇನ್ನೆಲ್ಲೋ.
ನಡುವೆ ಒಂದು ಮೈಲಿ ಚರಳು, ಒಂದು ತೋಡು,
ಆನೆ ಕೆಡವಿದ ಸಿಲ್ವರ್ ಮರ,
ಅದನ್ನು ಬಳಸಿ ಜೀಪು ತಾನೇ ಮಾಡಿಕೊಂಡ ದಾರಿ.
ನಮ್ಮದು ಆ ಮರದ ತನಕ ಹೋಗುತ್ತದೆ.

ಸಿದ್ದಾಪುರದ ಕುಂಞಿಮೊಯ್ದು ಬರುವಾಗಲೇ
ಅಳತೆಗೆಂದು ಮೆಣಸಿನ ಮೂಟೆ ತಂದಿದ್ದರು.
ಡಿಕ್ಕಿಯಲ್ಲಿಟ್ಟರು, ತೆಗೆದರು, ಅಡ್ಡ ಇಟ್ಟರು,
ಕೊನೆಗೆ ಅದರ ಮೇಲೇ ಕೂತು ಟೀ ಕುಡಿದರು:
ಒಂದೂವರೆ ಮೂಟೆಗೆ ಆರೂವರೆ ಲಕ್ಷವಾ?

ಹವಾಲ್ದಾರ್ ಕರುಂಬಯ್ಯನವರು ಕುಟ್ಟದ ರಸ್ತೆಗೆ ಹೊಡೆದರು.
ಮೂರನೇ ತಿರುವಿನಲ್ಲಿ ಏದುಸಿರು.
ಇಳಿ ಅಂದರು. ಹೆಂಡತಿ ಇಳಿದರು, ಮಗಳು ಇಳಿದಳು,
ಬ್ರೋಶರ್ ಹಿಡಿದುಕೊಂಡು ನಾನೂ ಇಳಿದೆ.
ಹತ್ತಿತು ನೋಡಿ ಆಮೇಲೆ, ಹಕ್ಕಿಯ ಹಾಗೆ!
ನಾವು ನಡೆದು ಮೇಲೆ ತಲುಪುವಷ್ಟರಲ್ಲಿ
ಮೀಸೆ ಒರೆಸುತ್ತ ಕಾಯುತ್ತಿದ್ದರು:
ಒಳ್ಳೇ ಗಾಡಿ. ಜನ ಕೂರಬಾರದು ಅಷ್ಟೆ.

ಬರುವಾಗ ಎಲ್ಲೋ ತಳಕ್ಕೆ ಕಲ್ಲು ಉಜ್ಜಿತು.
ಯಾರಿಗೂ ಕೇಳಲಿಲ್ಲ, ಅಥವಾ
ಕೇಳಲಿಲ್ಲವೆಂದು ಎಲ್ಲರೂ ಒಪ್ಪಿಕೊಂಡೆವು.

ಬೊಳ್ಳವ್ವ ಬಂದದ್ದು ಒಂದು ಶುಕ್ರವಾರ, ಒಬ್ಬರೇ.
ಸ್ಟೇರಿಂಗ್ ನೋಡಲಿಲ್ಲ, ಬೆಲೆ ಕೇಳಲಿಲ್ಲ,
ನೇರ ಹಿಂದಿನ ಬಾಗಿಲು ತೆಗೆದು ನಿಂತರು.
ಇಲ್ಲಿ ಒಬ್ಬರು ಮಲಗಬಹುದಾ?
ನಾನು ಸೀಟು ಮಡಚುವುದನ್ನು ತೋರಿಸಹೋದೆ.
ಅದು ಬೇಡ, ಅಂದರು.
ನಮ್ಮವರನ್ನು ಹೋದ ವರ್ಷ ಆಗಸ್ಟಿನಲ್ಲಿ
ಪಕ್ಕದ ತೋಟದ ಪಿಕಪ್ಪಿನಲ್ಲಿ ಮೈಸೂರಿಗೆ ಒಯ್ದದ್ದು.
ಹುಣಸೂರಿನ ತನಕ ಮಾತಾಡ್ತಾ ಇದ್ದರು.
ಆರಡಿ ಎರಡಂಗುಲ ಇದ್ದರು.
ಕೈಚೀಲದಿಂದ ಟೇಪು ತೆಗೆದು, ಬಗ್ಗಿ,
ಈ ಬಾಗಿಲಿನಿಂದ ಆ ಬಾಗಿಲಿಗೆ ಹಿಡಿದರು.
ಎಷ್ಟು ಬಂತೆಂದು ಹೇಳಲಿಲ್ಲ.
ಬಾಗಿಲು ಚೆನ್ನಾಗಿದೆ, ಅಂದರು ಹೋಗುವಾಗ,
ಹಾಕಿದರೆ ಸದ್ದೇ ಇಲ್ಲ.

ಗಿರಾಕಿ ಬಿಟ್ಟುಹೋದ ಕಾರಣ ಬರೆಯುವ ಖಾನೆಯಲ್ಲಿ
ನಾನು ಬರೆದೆ: ಲೆಗ್ ರೂಮ್.

ಆ ಸಂಜೆ ಕರೆಂಟು ಹೋಗಿತ್ತು.
ಮ್ಯಾನೇಜರು ಶಟರು ಅರ್ಧ ಇಳಿಸಿ ಸಿಗರೇಟಿಗೆ ಹೋಗಿದ್ದರು.
ಚಪ್ಪಲಿ ಕಳಚಿ, ಹಿಂದಿನ ಸೀಟಿನಲ್ಲಿ ಮಲಗಿ ನೋಡಿದೆ.
ಐದಡಿಗೆ ಒಂದಂಗುಲ ಕಮ್ಮಿ ನಾನು.
ಮೊಣಕಾಲು ಒಂಚೂರು ಮಡಚಿದರೆ ಸಾಕು,
ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ.
ಬಾಳೆಲೆಯಲ್ಲಿ ನಮ್ಮ ಮನೆ ರಸ್ತೆಗೇ ಅಂಟಿಕೊಂಡಿದೆ,
ಆನೆ ಬಂದರೂ ಡಾಂಬರಿನ ಮೇಲೇ ಬರಬೇಕು.
ಒಯ್ಯಲು ಮೂಟೆ ಇಲ್ಲ, ಹತ್ತಲು ದಿಣ್ಣೆ ಇಲ್ಲ,
ಕೂರಿಸಿಕೊಳ್ಳಲು ಅಂಥ ಯಾರೂ ಇಲ್ಲ.
ಆರು ತಿಂಗಳು ಹುಡುಕಿದ ಗಿರಾಕಿ
ಇಲ್ಲೇ ಮಲಗಿದ್ದಾಳೆ,
ಸಂಬಳ ಹದಿನಾಲ್ಕು ಸಾವಿರ, ಕಂತು ಹತ್ತೂವರೆ.

ಹೊಸ ಪ್ಲಾಸ್ಟಿಕ್ಕಿನ ವಾಸನೆ ಹಾಯಾಗಿತ್ತು.
ಆರು ಇಪ್ಪತ್ತರ ಬಸ್ಸು ಹಾರ್ನ್ ಹೊಡೆದು
ನಾನಿಲ್ಲದೆ ಹೊರಟಿತು.
ಬೆನ್ನಿಗೆ ಬೆಲ್ಟಿನ ಕೊಕ್ಕೆ ಒತ್ತುತ್ತಿತ್ತು.
ಮೈಸೂರಿನವರಿಗೆ ನಾಳೆ
ಅದೊಂದನ್ನು ಹೇಳಬೇಕು.